ಕೈ ಕಟ್ಟಿ ನಿಂತವಳು

ಅಕ್ಕಾ,

ವಿಮಾನ ನಿಲ್ದಾಣದ ಬೇಲಿ ಪಕ್ಕ ಕೂತು ಬರೆಯುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ, ಮುಚ್ಚಿಡುವುದಿಲ್ಲ. ತಾವೇ ಒರೆಸುವ ಕುರ್ಚಿಯಲ್ಲಿ ಕೂತರೆಂದು ಕಸಗುಡಿಸುವ ಹೆಂಗಸರನ್ನು ಕೆಲಸದಿಂದ ತೆಗೆದರಲ್ಲ, ಅವರ ಪರವಾಗಿ ಕೂಗಲು ತಾನೇ ನಾನು ಬಂದದ್ದು? ಇಲ್ಲೊಬ್ಬಳಿದ್ದಾಳೆ. ಎರಡು ಬಣ್ಣದ ಕೋಲು ಬೀಸಿ ವಿಮಾನವನ್ನು ಅದರ ಜಾಗಕ್ಕೆ ಕರೆಯುವುದು ಅವಳ ಕೆಲಸ. ಅವಳು ಕರೆಯದೆ ಅದು ಒಂದಡಿ ಮುಂದೆ ಬರುವಂತಿಲ್ಲ. ಕೆಲಸ ಕಳೆದುಕೊಂಡವರಲ್ಲಿ ಅವಳ ಅತ್ತೆಯೂ ಒಬ್ಬಳು. ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧವಂತೆ. ಆದರೂ ಇವತ್ತು ವಿಮಾನ ಇಳಿದಾಗ ಕೋಲು ಕೆಳಗಿಟ್ಟು ಕೈ ಕಟ್ಟಿ ನಿಂತುಬಿಟ್ಟಳು. ಮ್ಯಾನೇಜರು ಓಡಿಬಂದ.

“ಏನಮ್ಮಾ ಇದು, ತಲೆ ಕೆಟ್ಟಿದ್ಯಾ?”

“ನಮ್ಮತ್ತೆ ಮೊದ್ಲು ಒಳಗೆ ಬರ್ಲಿ ಸಾರ್. ಆಮೇಲೆ ನಿಮ್ ವಿಮಾನ ಬರುತ್ತೆ.”

ಮ್ಯಾನೇಜರು ಗೇಟು ತೆಗೆಸಿದ. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರೆಲ್ಲ ಮತ್ತೆ ಕೆಲಸಕ್ಕೆ ಒಳಗೆ! ಒಂದು ಬಸ್ಸು ತಡೆಯಲು ಹೋಗಿ ನಿನ್ನ ಭುಜ ಮುರಿಯಿತು, ನನ್ನ ಹಲ್ಲು ಹೋಯಿತು, ಆ ದರಿದ್ರ ಬಸ್ಸು ನಿಲ್ಲಲೇ ಇಲ್ಲ. ಇವಳಿಗೆ ವಿಮಾನವೇ ನಿಂತಿತು.

ಭುಜಕ್ಕೆ ಶಾಖ ಕೊಡುವುದನ್ನು ಬಿಡಬೇಡ. ನನ್ನ ಗಂಟಲು ಚೆನ್ನಾಗಿದೆ, ಬಳಸಲೇ ಇಲ್ಲ.

ನಿನ್ನ ತಂಗಿ