ಒಂದು, ಎರಡು, ಬಾರದ ಮೂರು

ಅಕ್ಕಾ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಬಾರಿ ನಿನ್ನ ಮಗಳ ಮನೆಗೆ ಮಾಜಾಂಗ್, ಅದೇ ನೀನು ಕಲಿಸಿದ ಆ ಚೀನೀ ಅಂಕಿಕಾಯಿಗಳ ಆಟ, ಆಡಲು ಹೋಗಿದ್ದೆ. ನೀನು ಕೂರುತ್ತಿದ್ದ ಕಡೆ ಅಳಿಯ ಕೂತಿದ್ದ. ಪಕ್ಕದ ಮನೆಯ ನರ್ಸ್ ನಾಲ್ಕನೆಯವಳು. ಎಂದಿನಂತೆ ಮೊದಲ ಆಟ ಸೋತೆ. ನನ್ನ ಕಾಯಿಗಳನ್ನು ನೋಡಿ ನಿನ್ನ ಮಗಳು ಹುಬ್ಬೇರಿಸಿದಳು.

“ಚಿಕ್ಕಮ್ಮ, ಐದು-ಆರನ್ನ ಎಸೆದು ಈ ಒಂದು-ಎರಡನ್ನ ಯಾಕೆ ಹಿಡ್ಕೊಂಡ್ರಿ? ಸಾಲು ಪೂರ್ತಿಯಾಗೋಕೆ ಇದಕ್ಕೆ ಮೂರು ಬಿಟ್ರೆ ಬೇರೇನೂ ಕೂಡಲ್ಲ. ಐದು-ಆರಕ್ಕಾದ್ರೆ ನಾಲ್ಕು ಬಂದ್ರೂ ಆಯ್ತು, ಏಳು ಬಂದ್ರೂ ಆಯ್ತು. ಅಮ್ಮ ನಂಗೆ ಮೊದಲನೇ ದಿನಾನೇ ಹೇಳ್ಕೊಟ್ಟಿದ್ರು.”

ನನಗೆ ನೀನು ಹೇಳಿಕೊಟ್ಟದ್ದು ಬೇರೆ. “ಕೈಗೆ ಬಂದ ಜೋಡಿ ಬಿಡಬೇಡ ಕಣೇ, ಮೂರು ಬಂದೇ ಬರುತ್ತೆ.” ವರ್ಷಗಟ್ಟಲೆ ಆ ಮೂರಕ್ಕಾಗಿ ಬಾಯಿ ಬಿಟ್ಟುಕೊಂಡು ಕೂತೆ. ಪ್ರತಿ ಸಲ ನೀನು ಗೆದ್ದು, ನನ್ನ ಬೆನ್ನು ತಟ್ಟಿ, “ಪಾಪ, ನಿನ್ನ ಅದೃಷ್ಟಾನೇ ಸರಿ ಇಲ್ಲ” ಅನ್ನುತ್ತಿದ್ದೆ. ನಾನು ಅದನ್ನೂ ನಂಬಿದೆ. ಹೊಲಿಗೆ ಅಂಗಡಿ ಇಡುವ ಮಾತು ಬಂದಾಗಲೆಲ್ಲ, ನನ್ನಂಥವಳಿಗೆ ಅದು ಕೈಹತ್ತುವುದಿಲ್ಲ ಎಂದು ನಾನೇ ಹಿಂದೆ ಸರಿದೆ.

“ಅಮ್ಮ ನಿಮಗೆ ಹೇಳಿರ್ಲಿಲ್ವಾ?” ಎಂದು ಕೇಳಿದಳು.

“ಹೇಳಿದ್ಲು, ನಾನೇ ಮರ್ತೆ,” ಎಂದೆ.

ಮುಂದಿನ ಆಟದಲ್ಲಿ ಮತ್ತೆ ಒಂದು-ಎರಡು ಬಂದವು. ಎರಡನ್ನೂ ಎಸೆದೆ. ಸ್ವಲ್ಪ ಹೊತ್ತಿಗೆ ಗೆದ್ದೇಬಿಟ್ಟೆ. ಅಳಿಯ ಚಪ್ಪಾಳೆ ತಟ್ಟಿದ. ನಿನ್ನ ಮಗಳ ಕಣ್ಣು ತುಂಬಿತ್ತು.

“ಅಮ್ಮ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು, ಅಲ್ವಾ ಚಿಕ್ಕಮ್ಮ?”

ಹೂಂ ಎಂದೆ. ನಿನ್ನ ಮಗಳ ಮುಂದೆ ಇನ್ನೇನು ಹೇಳಲಿ?