ಸಂತ ಲಾರೆನ್ಸರ ಮಾತು

ಆಗಸ್ಟ್ ೧೦, ಶನಿವಾರ.

ಇವರು ಹೋಗಿ ಏಳು ತಿಂಗಳು. ಕೊನೆಗೆ ಅಪ್ಪ ಏನಂದರು ಎಂದು ಮಗಳು ಲವಿನಾ ಕೇಳಿದಾಗಲೆಲ್ಲ, ಏನೂ ಅನ್ನಲಿಲ್ಲ ಎಂದು ಸುಳ್ಳು ಹೇಳುತ್ತ ಬಂದಿದ್ದೆ.

ಇವತ್ತು ಸಂತ ಲಾರೆನ್ಸರ ಹಬ್ಬ. ಅವಳ ಜೊತೆ ಖಾನಾಪುರದ ಚರ್ಚಿಗೆ ಹೋಗಿದ್ದೆ. ರೋಮಿನವರು ಆ ಸಂತರನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟಾಗ, "ಈ ಮಗ್ಗಲು ಬೆಂದಿದೆ, ಹೊರಳಿಸಿ" ಎಂದರಂತೆ. ಫಾದರ್ ಪ್ರತಿ ವರ್ಷ ಹೇಳುವ ಕಥೆ. ಮೂವತ್ತು ವರ್ಷ ಬೇಕರಿಯ ಭಟ್ಟಿಯ ಮುಂದೆ ನಿಂತ ಇವರಿಗೆ ಎಲ್ಲ ಸಂತರಿಗಿಂತ ಅವರೇ ಹತ್ತಿರ. ಹಾಸಿಗೆ ಹಿಡಿದ ಮೇಲೆ, ಬೆನ್ನು ಹುಣ್ಣಾಗದಿರಲೆಂದು ನಾನು ಎರಡು ತಾಸಿಗೊಮ್ಮೆ ಹೊರಳಿಸುವಾಗಲೂ ಅದೇ ಮಾತು: "ಹೊಳ್ಳಸ ಕಾರ್ಮೆಲಿ, ಈ ಮಗ್ಗಲ ಬೆಂದೈತಿ."

ಕೊನೆಯ ದಿನದ ಮುಂಜಾನೆಯೂ ಅದನ್ನೇ ಅಂದರು. ನನಗೆ ನಡು ಹಿಡಿದಿತ್ತು. "ಸಾಕ ಮಾಡ್ರಿ ನಿಮ್ಮ ಚಾಷ್ಟಿ" ಎಂದು ಗದರಿದೆ. ಮತ್ತೆ ಮಾತಾಡದೆ ಮಧ್ಯಾಹ್ನದೊಳಗೆ ಹೋಗಿಬಿಟ್ಟರು.

ಪ್ರವಚನ ಕೇಳುತ್ತ ಅನಿಸಿತು, ಆ ಬೆಂಕಿಯ ಹತ್ತಿರ ಯಾರೋ ನಿಂತಿರಬೇಕು. ಕೇಳಿಸಿಕೊಂಡದ್ದನ್ನು ಮನೆಗೆ ಹೋಗಿ ಹೇಳಿರಬೇಕು. ಇಲ್ಲದಿದ್ದರೆ ಆ ಮಾತು ನಮ್ಮ ತನಕ ಹೇಗೆ ಬರುತ್ತಿತ್ತು? ಬೆಳಗಾವಿಗೆ ಬರುವ ಬಸ್ಸಿನಲ್ಲಿ ಲವಿನಾಗೆ ಎಲ್ಲ ಹೇಳಿದೆ, ಗದರಿದ್ದನ್ನೂ.

ಅವಳು ಕಣ್ಣೊರೆಸಿಕೊಂಡು, "ನೀ ಬೈದದ್ದಕ್ಕ ಅಪ್ಪಾ ಏನ ಮಾಡಿದ್ರವಾ?" ಎಂದಳು.

"ನಕ್ಕರು."

ಹೇಳಿದ ಮೇಲೆಯೇ ನನಗೂ ನೆನಪಾಯಿತು. ಹೌದು, ನಕ್ಕಿದ್ದರು. ಹಲ್ಲಿನ ಸೆಟ್ಟಿಲ್ಲದ ಆ ಬಾಯಿ ತುಂಬ ನಗು.