ನಾಲ್ಕರಲ್ಲಿ ಎರಡು

ಜೂನ್ 3

ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್ ತಿದ್ದಿ ಮುಗಿಸಿದೆ. ಕೊನೆಯ ಬೆಂಚಿನ ಅಷ್ಟೂ ಜನರದು ಒಂದೇ ತಪ್ಪು. ಕಾಪಿ ಹೊಡೆಯುವುದಾದರೆ ಯಾರದು ಹೊಡೆಯಬೇಕು ಎಂಬಷ್ಟಾದರೂ ಬುದ್ಧಿ ಬೇಡವೆ.

ಸಂಜೆ ಅಣ್ಣನ ಮನೆ. ಅಕ್ಕ ಸೋಫಾದ ಮೇಲೆ. ಭುಜ, ಬೆರಳು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಥೇಟ್ ಅಮ್ಮ. ಅಮ್ಮನಿಗೆ "ನರದ ವೀಕ್‌ನೆಸ್" ಎಂದು ಸಾಯುವವರೆಗೂ ಟಾನಿಕ್ ಬರೆದುಕೊಟ್ಟಿದ್ದರು ಆ ಡಾಕ್ಟರ್ ಮಹಾಶಯರು. ಈಗ ಹೆಸರು ಸಿಕ್ಕಿದೆ. ಹಂಟಿಂಗ್‌ಟನ್. ಒಂದು ಜೀನ್‌ನಲ್ಲಿ ಅದೇ ಮೂರಕ್ಷರ ಮತ್ತೆ ಮತ್ತೆ... ಮಗ್ಗಿ ಮರೆತ ಮಕ್ಕಳು ಒಂದೇ ಸಾಲು ಒದರುವ ಹಾಗೆ. ನಲವತ್ತು ಸಲ ಆಯಿತೆಂದರೆ ಕಾಯಿಲೆ ಬಂದೇ ಬರುತ್ತದೆ. ಅಕ್ಕನದು ನಲವತ್ನಾಲ್ಕು. ವಾಸಿಮಾಡುವ ಔಷಧಿ ಇಲ್ಲ.

ಅತ್ತಿಗೆ ಹೇಳಿದಳು, "ದೃಷ್ಟಿ ತಾಗಿರಬೇಕು." ದೃಷ್ಟಿ ತಾಗುವಷ್ಟು ನಮ್ಮಲ್ಲಿ ಏನಿತ್ತೋ.

ಜೂನ್ 9

ಆಸ್ಪತ್ರೆ. ನಾಲ್ವರನ್ನೂ ಕೂರಿಸಿಕೊಂಡು ಕೌನ್ಸೆಲರ್ ಹುಡುಗಿ ಮಾತಾಡಿದಳು. ಸಿಹಿ ದನಿ, ಎಲ್ಲಾ ಅಡ್ಡಗೋಡೆಯ ಮೇಲೆ ದೀಪ. ಮಧ್ಯೆ ಎರಡು ಸಲ ಅವಳ ಫೋನ್. ಕೊನೆಗೆ ಒಂದು ಕರಪತ್ರ ಕೊಟ್ಟಳು. ಅದರಲ್ಲಿ ಚಿತ್ರ — ಮೇಲೆ ಅಪ್ಪ, ಅಮ್ಮ. ಅಮ್ಮ ಕಪ್ಪು. ಕೆಳಗೆ ನಾಲ್ಕು ಮಕ್ಕಳು. ಎರಡು ಕಪ್ಪು, ಎರಡು ಬಿಳಿ. "ಫಿಫ್ಟಿ ಪರ್ಸೆಂಟ್ ಚಾನ್ಸ್."

ನಾವೂ ನಾಲ್ವರು. ಮೊದಲು ಅಕ್ಕ, ಆಮೇಲೆ ಅಣ್ಣ, ನಾನು, ಕೊನೆಗೆ ತಂಗಿ ಗುಬ್ಬಿ. ಅಣ್ಣ ಆ ಚಿತ್ರವನ್ನು ತನ್ನ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ನೋಡಿದಂತೆ ಬೆಳಕಿಗೆ ಹಿಡಿದು ನೋಡಿದ. ಟೆಸ್ಟಿಗೆ ರಕ್ತ ಕೊಟ್ಟ. ನಾನು "ಸ್ಕೂಲಿದೆ" ಎಂದು ಎದ್ದು ಬಂದೆ.

ಜುಲೈ 2

ಅಣ್ಣನ ರಿಪೋರ್ಟ್. ನಲವತ್ತೆರಡು.

ಅಳುತ್ತಾನೆ ಅಂದುಕೊಂಡೆ. ಅವನು ಎದೆಯುಬ್ಬಿಸಿಕೊಂಡು ಅಂಗಡಿಗೆ ಬಂದ, ಶಟರ್ ಅರ್ಧ ಎಳೆದ, ನನ್ನನ್ನೂ ಗುಬ್ಬಿಯನ್ನೂ ಡಬ್ಬಗಳ ಮೇಲೆ ಕೂರಿಸಿದ. ಕರಪತ್ರ ಬಿಚ್ಚಿದ.

"ನೋಡ್ರಮ್ಮ. ನಾಲ್ಕರಲ್ಲಿ ಎರಡು. ಅಕ್ಕಂದು ಒಂದು, ನಂದು ಒಂದು. ಲೆಕ್ಕ ಮುಗೀತು. ನೀವಿಬ್ರೂ ಬಚಾವ್."

"ಅಣ್ಣ, ಅದು ಹಾಗಲ್ಲ."

"ಚಿತ್ರದಲ್ಲೇ ಇದೆಯಲ್ಲೇ. ಒಬ್ಬಳು ಹುಡುಗಿ ಕಪ್ಪು, ಒಬ್ಬ ಹುಡುಗ ಕಪ್ಪು. ನಮ್ಮನ್ನ ನೋಡ್ಕೊಂಡೇ ಬರೆದ ಹಾಗಿದೆ."

ಆ ಚಿತ್ರ ಬರೆದವನನ್ನು ಬೆಂಚಿನ ಮೇಲೆ ನಿಲ್ಲಿಸಬೇಕು. ಕಾಯಿಲೆಯೇನು ಅಪ್ಪನ ಸೈಟೇ, ಪಾಲು ಮಾಡಿಕೊಳ್ಳಲು? ಪ್ರತಿ ಮಗುವಿಗೂ ಹೊಸದಾಗಿ ಅರ್ಧಕ್ಕರ್ಧ. ಮೊದಲಿನವರಿಗೆ ಏನಾಯಿತೆಂದು ನಾಣ್ಯ ವಿಚಾರಿಸಿಕೊಂಡು ಬೀಳುವುದಿಲ್ಲ. ಹತ್ತನೇ ಕ್ಲಾಸಿನ ಗಣಿತದ ಪಾಠ. ಇದೇ ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ, ನನ್ನ ಮನೆಯಲ್ಲಿ ಕೋಣನ ಮುಂದೆ ಕಿನ್ನರಿ.

ಜುಲೈ 5

ಮೂರ್ಖತನ ಅಂಟುರೋಗ. ಮನೆಯವರೆಲ್ಲ ಒಪ್ಪಿದ್ದಾರೆ. ಅಕ್ಕನೂ ತೊದಲುತ್ತಾ ಹೇಳಿದಳು, "ನಾವಿಬ್ರೂ ದೊಡ್ಡೋರು... ನಾವೇ ತಗೊಂಡ್ವಿ." ಗುಬ್ಬಿಯ ಗಂಡ, ಎಲೆಕ್ಟ್ರಿಷಿಯನ್, ವೈರು ವೈರಿನ ಲೆಕ್ಕ ಬಲ್ಲವನು, ಅಣ್ಣನ ಕೈ ಹಿಡಿದು ಕಣ್ಣೊರೆಸಿಕೊಂಡ. ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, "ನಿಮಗೋಸ್ಕರ ಹೊತ್ಕೊಂಡಿದಾರೆ, ಒಂದು ಒಳ್ಳೇ ಮಾತಾದ್ರೂ ಆಡಬಾರದಾ" ಅಂದಳು.

ಅಂದರೆ ಥ್ಯಾಂಕ್ಸ್ ಹೇಳಬೇಕು. ತಪ್ಪು ಲೆಕ್ಕಕ್ಕೆ ಫುಲ್ ಮಾರ್ಕ್ಸ್.

ಜುಲೈ 21, ಸಂಜೆ

ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ಇವತ್ತು ಆಗಲಿಲ್ಲ. ಅಣ್ಣ ಗುಬ್ಬಿಗೆ ಫೋನ್ ಮಾಡಿ ಹೇಳಿದನಂತೆ, "ಇನ್ನೇನು ಭಯ, ಮಗು ಮಾಡ್ಕೋ, ನಾನಿರುವಾಗಲೇ ಎತ್ತಿ ಆಡಿಸ್ತೀನಿ." ಅವನಿಗೆ ಮಕ್ಕಳಿಲ್ಲ. ಗುಬ್ಬಿಯನ್ನು ಸಾಕಿದ್ದೇ ಅವನು. ಅದೆಲ್ಲ ಸರಿ. ಆದರೆ ಇವನ ಪೇಂಟ್ ಲೆಕ್ಕ ನಂಬಿ ಅವಳು ಮಗು ಹೆತ್ತರೆ? ಅವಳಲ್ಲಿ ಇದ್ದರೆ ಮಗುವಿಗೂ ಮತ್ತೆ ಅದೇ ಅರ್ಧಕ್ಕರ್ಧ.

ಸ್ಕೂಲಿನಿಂದ ಸೀದಾ ಅವಳ ಮನೆಗೆ. ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಎಲ್ಲಾ ಹೇಳಿದೆ, ಕ್ಲಾಸಿನಲ್ಲಿ ಹೇಳುವುದಕ್ಕಿಂತ ನಿಧಾನವಾಗಿ. ಟೆಸ್ಟ್ ಮಾಡಿಸದೆ ಮಗುವಿನ ಮಾತು ಬೇಡ ಎಂದೆ. ಅವಳು ಒಂದು ಅಂಗಿಯನ್ನೇ ಮೂರು ಸಲ ಮಡಿಸಿದಳು.

"ನಂಗೊತ್ತು ಚಿಕ್ಕಕ್ಕ. ಲೆಕ್ಕದಲ್ಲಿ ಫೇಲಾಗಿರಬಹುದು, ಇಷ್ಟೂ ಗೊತ್ತಾಗಲ್ವಾ."

"ಮತ್ತೆ ಅವನ ಮುಂದೆ ಯಾಕೆ ತಲೆ ಆಡಿಸಿದೆ?"

"ಅವತ್ತಿಂದ ರಾತ್ರಿ ನಿದ್ದೆ ಮಾಡ್ತಿದಾನಂತೆ. ಅತ್ತಿಗೆ ಹೇಳಿದ್ರು. ನೀನು ಏನೂ ಹೇಳೋಕೆ ಹೋಗ್ಬೇಡ, ಪ್ಲೀಸ್."

ನಿದ್ದೆಗೆ ಮಾತ್ರೆ ಇದೆ. ಸುಳ್ಳೇ ಬೇಕೆ? ಹಾಗೆಂದು ಕೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಹಾಗೆ ಅನ್ನಬಾರದಿತ್ತು ಅನಿಸಿತು.

ಆಗಸ್ಟ್ 30

ಒಂದು ತಿಂಗಳು ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಎಂದಲ್ಲ.

ಅಣ್ಣನ ಅಂಗಡಿಗೆ ಹೋಗಿದ್ದೆ, ಇವತ್ತು ಹೇಳಿಯೇ ಬಿಡುವುದೆಂದು. ಬಿಳಿ ಡಬ್ಬಕ್ಕೆ ನೀಲಿ ಬಣ್ಣ ಸುರಿಯುತ್ತಿದ್ದ. ಮೊಣಕೈ ತಾನೇ ತಾನಾಗಿ ಎಗರಿತು. ಕೌಂಟರ್ ಪೂರ್ತಿ ನೀಲಿ. ಗಿರಾಕಿಯ ಚಪ್ಪಲಿಯೂ. "ಕಂಪನಿಯವರು ಡಬ್ಬದ ಬಾಯಿ ಸರಿಯಾಗಿ ಮಾಡಲ್ಲ" ಎಂದು ಬೈದ. ಅವನ ಕೈಯ ಕುಣಿತ ಅವನಿಗೇ ಕಾಣುತ್ತಿಲ್ಲ. ಅದೂ ಈ ಕಾಯಿಲೆಯದೇ ಗುಣವಂತೆ.

ಒರೆಸಿದ ಮೇಲೆ ಗಿರಾಕಿಗೆ ನನ್ನನ್ನು ತೋರಿಸಿದ. "ನನ್ನ ತಂಗಿ. ಮೇಡಂ. ಇವಳಿಗೇನೂ ಇಲ್ಲ, ಚೆನ್ನಾಗಿದಾಳೆ."

ಪಾಪ, ಚಪ್ಪಲಿ ಒರೆಸಿಕೊಳ್ಳುತ್ತಿದ್ದ ಮನುಷ್ಯನಿಗೆ ಇದು ಯಾಕೆ ಬೇಕಿತ್ತು.

ಹೇಳಲಿಲ್ಲ. ದಿನಾ ನಲವತ್ತು ಮಕ್ಕಳಿಗೆ "ತಪ್ಪು" ಎಂದು ಕೆಂಪಿಂಕಿನಲ್ಲಿ ಬರೆಯುವವಳು. ಒಬ್ಬನಿಗೆ ಹೇಳಲಾಗಲಿಲ್ಲ. ನಾಚಿಕೆಯಾಗಬೇಕು.

ನನ್ನ ಟೆಸ್ಟ್ ಯಾವಾಗ ಎಂದು ಕೌನ್ಸೆಲರ್ ಹುಡುಗಿಯ ಮೆಸೇಜ್. ಡಿಲೀಟ್ ಮಾಡಿದೆ. ಯುನಿಟ್ ಟೆಸ್ಟ್ ಇದೆ, ಪುರುಸೊತ್ತಿಲ್ಲ.

ಸೆಪ್ಟೆಂಬರ್ 11

ಮಧ್ಯಾಹ್ನ ಗುಬ್ಬಿ ಸ್ಕೂಲಿಗೇ ಬಂದಳು. ಸ್ಟಾಫ್ ರೂಮಿನಲ್ಲಿ ಸೈನ್ಸ್ ಮೇಡಂ ಬಾಯಿ ತುಂಬಾ ಅನ್ನ ಇಟ್ಟುಕೊಂಡು ಕಿವಿ ನಿಮಿರಿಸಿದಳು. ಖಾಲಿ ಕ್ಲಾಸಿಗೆ ಕರೆದುಕೊಂಡು ಹೋದೆ. ಚಿಕ್ಕ ಬೆಂಚು, ಇಬ್ಬರ ಮೊಣಕಾಲೂ ಡೆಸ್ಕಿಗೆ ತಾಗುತ್ತಿತ್ತು.

"ನೀನು ಬೈದು ಹೋದೆಯಲ್ಲ, ಮಾರನೇ ದಿನವೇ ರಕ್ತ ಕೊಟ್ಟೆ. ನಲವತ್ತೊಂದು."

ಉಳಿದದ್ದನ್ನೂ ಅವಳೇ ಹೇಳಿದಳು, ಅಳದೆ. ಮಗು ಬೇಡ ಎಂದು ಗಂಡನೂ ಅವಳೂ ಮಾತಾಡಿಕೊಂಡಿದ್ದಾರೆ. ಆಗುತ್ತಿಲ್ಲ ಎಂದು ಮನೆಯಲ್ಲಿ ಹೇಳುವುದಂತೆ. "ಅಣ್ಣನಿಗೆ ಗೊತ್ತಾಗ್ಬಾರದು. ನಮ್ಮಿಬ್ರನ್ನ ಉಳಿಸಿದೀನಿ ಅಂತ ಇದಾನೆ. ಅದನ್ನ ಯಾಕೆ ಕಿತ್ಕೊಳ್ಳೋದು."

ಎಷ್ಟು ಚಿಕ್ಕ ಕೈ ಇವಳದು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನ್ನ ಗುಬ್ಬಿ. ದುಃಖ ಬಂತು. ನಿಜವಾಗಿ ಬಂತು, ಅದರಲ್ಲಿ ಸುಳ್ಳಿಲ್ಲ.

ಆದರೆ ಬಂದದ್ದರಲ್ಲಿ ಅದು ಎರಡನೆಯದು. ಇಲ್ಲಿಯಾದರೂ ನಿಜ ಬರೆಯಬೇಕು. ನನ್ನ ಪಾಲಿನ ಲೆಕ್ಕ ನನಗೆ ಗೊತ್ತು — ಅರ್ಧಕ್ಕರ್ಧ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಕ್ಕ, ಅಣ್ಣ, ಗುಬ್ಬಿ ಯಾರಿಗೆ ಏನಾದರೂ ಅದು ಬದಲಾಗುವುದಿಲ್ಲ. ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಬರೆದದ್ದು ಇದನ್ನೇ. ಅವಳು "ನಲವತ್ತೊಂದು" ಅಂದ ಕೂಡಲೇ, ಅವಳ ಕೈ ಹಿಡಿಯುವುದಕ್ಕೂ ಮುಂಚೆ, ನನ್ನ ತಲೆಗೆ ಬಂದದ್ದು — ಮೂರಾಯಿತು, ಹಾಗಾದರೆ ನಾನು ಬಚಾವ್.